ಪೂರ್ತಿ ಬೀಳುವ ತನಕ

"ಈ ಕಾಲದಲ್ಲಿ ಯಾರ್ರೀ ಹೆಂಡತೀನ ಎತ್ಕೊಂಡು ಓಡ್ತಾರೆ?" ಎಂದು ಕನ್ನಡಕದಂಗಡಿಯ ಎತ್ತರದ ಕುರ್ಚಿಯಲ್ಲಿ ಕೂತ ನಿವೃತ್ತ ಪೋಸ್ಟ್‌ಮಾಸ್ಟರು ಕೇಳಿದಾಗ ಅವನು ಅವರ ಎರಡು ಕಣ್ಪಾಪೆಗಳ ನಡುವಿನ ಅಂತರವನ್ನು ಅಳೆಯುತ್ತಿದ್ದ. ಅಳತೆ ತಪ್ಪಿತು. ಮತ್ತೆ ಮೊದಲಿನಿಂದ ಅಳೆಯಬೇಕಾಯಿತು. ಕಣ್ಣು ಆಚೀಚೆ ಆಡಿಸಬೇಡಿ, ನನ್ನ ಹಣೆ ನೋಡಿ ಎಂದ. ಪೋಸ್ಟ್‌ಮಾಸ್ಟರು ಹಣೆಯನ್ನೇ ನೋಡುತ್ತ, ಮಹಡಿ ಮೆಟ್ಟಿಲನ್ನೆಲ್ಲ ಒಂದೇ ಉಸಿರಿಗೆ ಇಳಿದರಂತೆ, ಟ್ಯಾಕ್ಸಿಯವನು ಕೈ ಹಾಕಲು ಬಂದರೂ ಬಿಡಲಿಲ್ಲವಂತೆ, ಆಸ್ಪತ್ರೆಯ ಬಾಗಿಲವರೆಗೂ ಮಗುವಿನ ಹಾಗೆ ಹೊತ್ತುಕೊಂಡೇ ಹೋದರಂತೆ ಎಂದು ಬೀದಿಯವರೆಲ್ಲ ಸೇರಿ ಕಟ್ಟಿದ ಕಥೆಯನ್ನು ಅವನಿಗೇ ಒಪ್ಪಿಸಿದರು. ಕಥೆ ಸುಳ್ಳಲ್ಲ. ಅದೇ ಬಂದಿರುವ ಕಷ್ಟ. ಎತ್ತಿಕೊಂಡದ್ದು ನಿಜ, ಇಳಿದದ್ದು ನಿಜ, ಅಂಗಿ ಬೆವರಲ್ಲಿ ತೊಯ್ದು ತೊಪ್ಪೆಯಾದದ್ದೂ ನಿಜ. ಯಾರಿಗೂ ಗೊತ್ತಿಲ್ಲದ್ದು ಅದಕ್ಕೂ ಮುಂಚಿನ ಒಂದು ತುಣುಕು ಮಾತ್ರ, ಮತ್ತು ಆ ತುಣುಕು ಅವನೊಬ್ಬನ ಹತ್ತಿರ ಇದೆ. ಜನ ಹೀಗೆ ಹೊಗಳಿ ಅಟ್ಟಕ್ಕೇರಿಸುತ್ತಿರುವಾಗ ಇಳಿಯುವುದು ಹೇಗೆಂದು ತಿಳಿಯದೆ ಅವನು ಹಲ್ಲು ಕಿರಿದ. ಎದುರಿನ ಕನ್ನಡಿಯಲ್ಲಿ ತನ್ನದೇ ಹಲ್ಲು ಕಂಡು ಬಾಯಿ ಮುಚ್ಚಿಕೊಂಡ.

ಅಂಗಡಿಯ ಯಜಮಾನರು ಇವತ್ತು ಮಧ್ಯಾಹ್ನವೇ ಮನೆಗೆ ಹೋಗೆಂದಿದ್ದರು. ಹೆಂಡತಿಯ ಅಕ್ಕ ಇವತ್ತು ತಮ್ಮೂರಿಗೆ ಹೊರಡುತ್ತಾರೆ. ತಂಗಿಯ ಕಾಲು, ಕೈ ಎರಡಕ್ಕೂ ಪ್ಲಾಸ್ಟರು ಬಿದ್ದಾಗಿನಿಂದ ಇಲ್ಲೇ ಇದ್ದು ಎಲ್ಲ ನೋಡಿಕೊಂಡ ಅತ್ತಿಗೆ, ಮೂಳೆ ಕೂಡುವ ತನಕ ನನ್ನ ಮನೆಯಲ್ಲೇ ಇರಲಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಿದ್ದಾರೆ. ಹೆಂಡತಿ ಹೂಂ ಎಂದಿಲ್ಲ, ಊಹೂಂ ಎಂದಿಲ್ಲ, ನೋಡೋಣ ಎಂದಿದ್ದಾಳೆ. ಹೋಗಿಬಿಟ್ಟರೆ ಅವಳು ವಾಪಸು ಬರುವುದಿಲ್ಲ ಎಂದು ಅವನಿಗೆ ಯಾಕೋ ಖಾತ್ರಿಯಾಗಿ ಹೋಗಿತ್ತು. ಯಾರೂ ಹಾಗೆ ಹೇಳಿರಲಿಲ್ಲ. ಅತ್ತಿಗೆಯಂತೂ ಅವನ ತಟ್ಟೆಗೆ ಬಡಿಸುವಾಗಲೆಲ್ಲ, ನೀವಿದ್ದದ್ದಕ್ಕೆ ನನ್ನ ತಂಗಿ ಉಳಿದಳು ಎನ್ನುತ್ತಿದ್ದರು, ಮತ್ತು ಪ್ರತಿ ಸಲವೂ ಅವನು ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಅವನಿಗೆ ಅವಳು ಬೇಕಾಗಿತ್ತು. ಇಷ್ಟು ವರ್ಷ ಬೇಕು ಎಂದುಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ, ಈಗ ಅದನ್ನು ಬಿಟ್ಟು ಬೇರೇನೂ ತಲೆಯಲ್ಲಿ ಓಡುತ್ತಿರಲಿಲ್ಲ. ಅಂಗಡಿಯಿಂದ ಹೊರಬಿದ್ದು, ಸೈಕಲ್ ರಿಪೇರಿಯವನ ಅಂಗಡಿ ದಾಟಿ, ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೆ ಅವನು ಬೇಗ ಬೇಗ ನಡೆದ.

ಅವನದೊಂದು ಹುಚ್ಚು ಇತ್ತು. ಕಂಪ್ಯೂಟರಿನಲ್ಲಿ ರಾಕೆಟ್ಟು ಕಟ್ಟಿ ಹಾರಿಸುವ ಆಟ. ಆಟವೆಂದರೆ ಮಕ್ಕಳಾಟವಲ್ಲ, ಭಾರ, ಇಂಧನ, ಗಾಳಿಯ ಒತ್ತಡ ಎಲ್ಲವೂ ನಿಜದ ಲೆಕ್ಕಕ್ಕೆ ನಡೆಯುತ್ತದೆ. ಮೇಲಕ್ಕೆಸೆದ ಕಲ್ಲು ಕೆಳಗೆ ಬರುತ್ತದೆ, ಜೋರಾಗಿ ಎಸೆದರೆ ತಡವಾಗಿ ಬರುತ್ತದೆ, ಆದರೆ ಒಂದು ವೇಗ ಮೀರಿತೋ, ಅದು ಬರುವುದೇ ಇಲ್ಲ. ಆ ವಿಮೋಚನಾ ವೇಗವನ್ನು ಮುಟ್ಟುವ ಅತಿ ಹಗುರ ರಾಕೆಟ್ಟನ್ನು ಯಾರು ಕಟ್ಟುತ್ತಾರೆ ಎಂಬುದೇ ಸವಾಲು. ಎಲ್ಲೆಲ್ಲೋ ಇರುವ, ಮುಖ ನೋಡಿರದ ಆಟಗಾರರ ಗುಂಪೊಂದು ಈ ಸವಾಲುಗಳನ್ನು ಹಾಕಿಕೊಂಡು ತಲೆ ಕೆಡಿಸಿಕೊಳ್ಳುತ್ತಿತ್ತು. ಅಲ್ಲಿ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಅಂಗಡಿಯಲ್ಲಿ ಯಜಮಾನರಿಗೆ ಅವನು ಏ ಇವನೇ, ಗಿರಾಕಿಗಳಿಗೆ ಸ್ವಲ್ಪ ನೋಡಪ್ಪಾ. ಮೇಷ್ಟ್ರು ಎಂದು ಕರೆಸಿಕೊಳ್ಳುವುದು ಅಲ್ಲಿ ಮಾತ್ರ, ಹಾಗಾಗಿ ಅಲ್ಲಿಗೆ ಹೋದಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹೊಸಬರಿಗೆ ಅವನು ಹೇಳಿಕೊಡುತ್ತಿದ್ದ ಪಾಠ ಒಂದೇ. ರಾಕೆಟ್ಟು ವಾಲಿತೆಂದು ಗಾಬರಿಬಿದ್ದು ಮತ್ತೆ ಶುರುಮಾಡುವ ಗುಂಡಿ ಒತ್ತಬೇಡಿ. ಒತ್ತಿದರೆ ಎಲ್ಲ ಮಾಯವಾಗಿ ರಾಕೆಟ್ಟು ಹೊಸದಾಗಿ ನೆಲದ ಮೇಲೆ ನಿಲ್ಲುತ್ತದೆ, ಆದರೆ ಯಾವ ಕೀಲು ಮೊದಲು ಬಿಟ್ಟಿತು ಎಂಬುದು ನಿಮಗೆ ಯಾವತ್ತೂ ತಿಳಿಯುವುದಿಲ್ಲ. ಬೀಳಲಿ. ಪೂರ್ತಿ ಬೀಳುವ ತನಕ ನೋಡಿ. ಮೊದಲು ಏನು, ಆಮೇಲೆ ಏನು, ಕಣ್ಣು ಮಿಟುಕಿಸದೆ ನೋಡಿ. ಕೈ ಸುಮ್ಮನಿರುವುದಿಲ್ಲವಾದರೆ ಕಂಕುಳಲ್ಲಿ ಇಟ್ಟುಕೊಳ್ಳಿ. ಇದನ್ನು ಅವನು ತಮಾಷೆಗೆ ಬರೆದಿರಲಿಲ್ಲ. ಅವನೇ ಹಾಗೆ ಕೂರುತ್ತಿದ್ದ, ಎರಡೂ ಅಂಗೈಯನ್ನು ಕಂಕುಳಿಗೆ ಸಿಕ್ಕಿಸಿ, ಮೂಗು ಪರದೆಗೆ ತಾಗುವಷ್ಟು ಬಾಗಿ. ಹಿಂದಿನಿಂದ ಹಾದುಹೋಗುವ ಹೆಂಡತಿ, "ಅದರೊಳಗೆ ಒಬ್ಬ ಕೂತಿದಾನಲ್ರೀ, ಅವನ ಗತಿ ಏನು?" ಎಂದು ರೇಗಿಸಿದರೆ, "ಅವನಿಗೇನಾಗುತ್ತೆ, ಮತ್ತೆ ಬರ್ತಾನೆ ಬಿಡು" ಎನ್ನುತ್ತಿದ್ದ, ಕಣ್ಣು ಕೀಳದೆ.

ಅವತ್ತೂ ಪರದೆಯ ಮೇಲೆ ಒಂದು ರಾಕೆಟ್ಟು ನಿಂತಿತ್ತು. ನಡುವೆ ಮುಖ್ಯ ಕೊಳವೆ, ಸುತ್ತ ನಾಲ್ಕು ಪುಟ್ಟ ರಾಕೆಟ್ಟುಗಳು. ಪ್ರತಿ ಸಲ ಮೇಲೇರುವಾಗ ಸುತ್ತಲಿನವುಗಳಲ್ಲಿ ಒಂದು ಕಿತ್ತುಕೊಂಡು ಹೋಗುತ್ತಿತ್ತು, ಯಾಕೆಂದು ಎಷ್ಟು ನೋಡಿದರೂ ಹೊಳೆಯುತ್ತಿರಲಿಲ್ಲ. ಅದೇ ಕೋಣೆಯ ಇನ್ನೊಂದು ಗೋಡೆಗೆ ಸ್ಟೂಲು ಹಾಕಿಕೊಂಡು ಹೆಂಡತಿ ಪೆಟ್ಟಿಗೆಯೊಂದನ್ನು ಇಳಿಸಲೆಂದು ಅಟ್ಟದ ಬಾಗಿಲು ತೆಗೆಯುತ್ತಿದ್ದಳು. ಧೂಳು ಬೀಳುತ್ತದೆಂದು ಕನ್ನಡಕ ತೆಗೆದು ಕಿಟಕಿಯ ಮೇಲಿಟ್ಟಿದ್ದಳು. "ರೀ, ಸ್ವಲ್ಪ ಸ್ಟೂಲು ಹಿಡ್ಕೊಳ್ತೀರಾ? ಅಲ್ಲಾಡ್ತಿದೆ." ಅವನು ಬಂದೆ ಎಂದ. ಎಂದದ್ದು ಮಾತ್ರವಲ್ಲ, ಎದ್ದ, ನಾಲ್ಕು ಹೆಜ್ಜೆ ನಡೆದು ಅವಳ ಪಕ್ಕಕ್ಕೆ ಬಂದೂ ನಿಂತ. ಕೈ ಚಾಚಿದರೆ ಅವಳ ಸೊಂಟ ಸಿಗುವಷ್ಟು ಹತ್ತಿರ. ಆಗ ಸ್ಟೂಲಿನ ಕಾಲೊಂದು ಮೆಲ್ಲಗೆ ಹೊರಗೆ ಸರಿಯತೊಡಗಿತು. ಅವನು ಅದನ್ನು ನೋಡಿದ. ಗಾಬರಿಯಾಗಲಿಲ್ಲ. ಕೂಗಲಿಲ್ಲ. ಒಂದು ತಣ್ಣನೆಯ, ಸ್ವಚ್ಛವಾದ ಕುತೂಹಲ ತಲೆಯನ್ನು ತುಂಬಿಕೊಂಡು, ಕೋಣೆಯೊಳಗಿನ ಸದ್ದೆಲ್ಲ ನಿಂತುಹೋದಂತಾಗಿ, ಅವನು ನೋಡುತ್ತಲೇ ಇದ್ದ, ಪೂರ್ತಿ ಬೀಳುವ ತನಕ. ಅವಳು ನೆಲಕ್ಕೆ ಬಡಿದ ಸದ್ದಿಗೆ ಎದುರು ಮನೆಯ ನರ್ಸಮ್ಮ ಓಡಿ ಬಂದು ಬಾಗಿಲು ನೂಕಿದಾಗಲೂ ಅವನು ನಿಂತೇ ಇದ್ದ, ಮತ್ತು ಅವನ ಎರಡೂ ಕೈ ಕಂಕುಳಲ್ಲಿದ್ದವು.

ನರ್ಸಮ್ಮ ಅವನ ಭುಜ ಹಿಡಿದು ಅಲುಗಿಸಿ, "ಎಚ್ಚರ ತಂದ್ಕೊಳ್ಳಿ, ಎತ್ತಿ ಅವರನ್ನ" ಎಂದರು. ಎತ್ತಿದ. ಆಮೇಲಿನದೆಲ್ಲ ಊರಿಗೆ ಗೊತ್ತಿರುವ ಕಥೆ. ಆಸ್ಪತ್ರೆಯ ಬೆಂಚಿನ ಮೇಲೆ ನರ್ಸಮ್ಮ ಅವನಿಗೆ ನೀರು ಕುಡಿಸುತ್ತ, "ಪಾಪ, ನಿಮಗೂ ಶಾಕ್ ಆಗ್ಬಿಟ್ಟಿತ್ತು. ಕಲ್ಲಿನ ಹಾಗೆ ನಿಂತಿದ್ರಿ. ಎಷ್ಟೋ ಜನ ಗಂಡಸರು ಹಾಗೇ" ಎಂದರು. ಅವನು ತಲೆಯಾಡಿಸಿದ. ಶಾಕ್ ಎಂಬ ಆ ಮಾತನ್ನು ಗಬಕ್ಕನೆ ಹಿಡಿದುಕೊಂಡ, ಎಲ್ಲರಿಗೂ ಅದನ್ನೇ ಹೇಳಿದ, ಒಂದು ದಿನ ತಾನೂ ನಂಬಿದ. ಆದರೆ ನಿಜವಾದ ಆಘಾತ ಅವನಿಗೆ ಬಡಿದದ್ದು ಮಾರನೆಯ ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ. ಆಗ ತನಗೆ ಆಘಾತವಾಗಿರಲೇ ಇಲ್ಲವಲ್ಲ ಎಂಬುದು ನೆನಪಾಯಿತು. ಬಾಯಲ್ಲಿ ನೊರೆ ತುಂಬಿಕೊಂಡು ಅವನು ನಲ್ಲಿಯೆದುರು ನಿಂತುಬಿಟ್ಟ. ಹೆಂಡತಿ ಬೀಳುತ್ತಿದ್ದಾಳೆ ಎಂಬುದು ಅವನಿಗೆ ತಿಳಿದಿತ್ತು, ತಿಳಿದೇ ನೋಡಿದ. ತಾನು ಇಂಥವನು ಎಂದು ಇಷ್ಟು ವಯಸ್ಸಾಗುವ ತನಕ ಯಾರೂ ಅವನಿಗೆ ಹೇಳಿರಲಿಲ್ಲ. ಇನ್ನು ಮುಂದೆ ಹಲ್ಲುಜ್ಜುವುದು, ಅಂಗಿ ತೊಡುವುದು, ಬೀದಿಯಲ್ಲಿ ನಮಸ್ಕಾರಕ್ಕೆ ನಮಸ್ಕಾರ ಹೇಳುವುದು, ಎಲ್ಲವನ್ನೂ ಈ ಮನುಷ್ಯನ ಜೊತೆಯಲ್ಲೇ ಮಾಡಬೇಕು.

ಅವಳು ಕಂಡಿದ್ದಾಳೆಯೇ? ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವನನ್ನು ಕಾಡಿದ್ದು ಇದೊಂದೇ. ಕನ್ನಡಕ ಕಿಟಕಿಯ ಮೇಲೇ ಇತ್ತು, ಅದು ಅವನಿಗೆ ನೆನಪಿತ್ತು. ಅವಳ ಕಣ್ಣಿನ ಪವರು ಅವನಿಗೆ ಬಾಯಿಪಾಠ, ಆ ಗಾಜು ಕೂರಿಸಿದವನು ಅವನೇ. ಕನ್ನಡಕವಿಲ್ಲದಿದ್ದರೆ ಅವಳಿಗೆ ಅಷ್ಟು ಹತ್ತಿರದ ಮುಖವೂ ಒಂದು ಕಂದು ಮುದ್ದೆ, ಕಣ್ಣು ಯಾವುದು ಬಾಯಿ ಯಾವುದು ತಿಳಿಯದು. ಆದರೂ ಸಾಲದೆ, ಅವಳ ಪವರಿಗೆ ಸರಿಹೋಗುವ ಮಸುಕು ಬರುವಂತೆ ಅಂಗಡಿಯಲ್ಲಿ ಬೇರೆ ಗಾಜು ಹುಡುಕಿ, ತನ್ನ ಕಣ್ಣಿಗೆ ಹಿಡಿದು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಯಜಮಾನರನ್ನು ನಿಲ್ಲಿಸಿ ನೋಡಿದ. ಕಾಣಲಿಲ್ಲ. ಕೈ ಕಟ್ಟಿದ್ದಾರೋ ಬಿಟ್ಟಿದ್ದಾರೋ ಅದೂ ಕಾಣಲಿಲ್ಲ. "ಏನಯ್ಯಾ ನನ್ನ ಪರೀಕ್ಷೆ?" ಎಂದು ಯಜಮಾನರು ನಕ್ಕರು. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲೇ ಗಾಜಿನ ಪೆಟ್ಟಿಗೆಯ ಹಿಂದೆ ಕುಕ್ಕರಿಸಿ ಕೂತ. ಹೆಂಡತಿಯ ಕಣ್ಣು ಮಂದವಾಗಿದ್ದಕ್ಕೆ ದೇವರಿಗೆ ಕೈಮುಗಿದ ಗಂಡಸು ತಾನೊಬ್ಬನೇ ಇರಬೇಕು ಎಂದುಕೊಂಡ, ಮತ್ತು ಆ ಅಸಹ್ಯ ಆಮೇಲೆ ಊಟದ ಹೊತ್ತಿನವರೆಗೂ ಬಿಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಮುಚ್ಚಿಕೊಂಡು ಬದುಕಬಹುದಿತ್ತು. ಅವಳು ಮನೆಗೆ ಬಂದ ಮೇಲಿನ ಒಂದು ಮಧ್ಯಾಹ್ನ, ಅಕ್ಕ ತಂಗಿ ಇಬ್ಬರೂ ನಿದ್ದೆ ಹೋಗಿದ್ದಾಗ, ಕಂಪ್ಯೂಟರಿನ ಮೇಲಿನ ಧೂಳು ಒರೆಸಲೆಂದು ಹೋದವನು ಅದನ್ನು ಚಾಲೂ ಮಾಡಿದ. ರಾಕೆಟ್ಟು ನಿಂತಲ್ಲೇ ನಿಂತಿತ್ತು, ಇವನನ್ನೇ ಕಾಯುತ್ತಿದ್ದಂತೆ. ನೋಡುತ್ತಿದ್ದ ಹಾಗೆ ಹೊಳೆಯಿತು. ಸುತ್ತಲಿನ ಪುಟ್ಟ ರಾಕೆಟ್ಟುಗಳನ್ನು ಅವನು ಮೇಲ್ಗಡೆ ಮಾತ್ರ ಬಿಗಿದಿದ್ದ, ಕೆಳಗಡೆ ಒಂದಕ್ಕೊಂದು ಕಟ್ಟೇ ಇರಲಿಲ್ಲ. ಭಾರ ಬಿದ್ದಾಗ ಮುರಿಯುವುದಲ್ಲ, ಕೆಳತುದಿ ಹೊರಗೆ ಸರಿಯುವುದು. ಸ್ಟೂಲಿನ ಹಾಗೆ. ಅಡ್ಡಪಟ್ಟಿ ಬಿಟ್ಟ ಸ್ಟೂಲಿನ ಕಾಲಿನ ಹಾಗೆ. ಅವನ ಬೆರಳುಗಳು ಅವನನ್ನು ಕೇಳದೆ ಕೆಳಗಡೆ ನಾಲ್ಕು ಅಡ್ಡಪಟ್ಟಿ ಹಾಕಿ, ಗುಂಡಿ ಒತ್ತಿದವು. ರಾಕೆಟ್ಟು ಏರಿತು. ಅಲುಗಲಿಲ್ಲ. ಭೂಮಿಯ ಸುತ್ತ ಬಳೆಯಂತೆ ಮುಚ್ಚಿಕೊಳ್ಳುತ್ತಿದ್ದ ಅದರ ದಾರಿಯ ಗೆರೆ ಹಿಗ್ಗುತ್ತ ಹಿಗ್ಗುತ್ತ ಹೋಗಿ ಒಂದು ಕಡೆ ಬಿಚ್ಚಿಕೊಂಡಿತು, ಇನ್ನೆಂದೂ ಕೂಡಿಕೊಳ್ಳದ ಹಾಗೆ. ಅವನು ಕುಣಿದುಬಿಟ್ಟ. ಸದ್ದಿಲ್ಲದೆ, ಬಾಯಿ ಅಗಲ ತೆರೆದು, ಮುಷ್ಟಿ ಬಿಗಿದು ಕುಣಿದ. ಗುಂಪಿನವರು, ಇಷ್ಟು ಹಗುರದಲ್ಲಿ ಇದು ಹೇಗೆ ಸಾಧ್ಯ ಮೇಷ್ಟ್ರೇ, ಈ ಅಡ್ಡಪಟ್ಟಿ ಎಲ್ಲಿಂದ ಹೊಳೆಯಿತು ಎಂದು ಬರೆದರು. ಎಲ್ಲಿಂದ ಎಂಬುದನ್ನು ಅವನು ಎರಡು ಸಲ ಓದಿದ. ಒಳಕೋಣೆಯಿಂದ ಹೆಂಡತಿ ನಿದ್ದೆಯಲ್ಲೇ ನರಳಿದ್ದು ಕೇಳಿಸಿತು. ಕಂಪ್ಯೂಟರು ಮುಚ್ಚಿ ಅದರ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದ. ಅವರಿಗೆ ಉತ್ತರ ಬರೆಯಲಿಲ್ಲ.

ಮೆಟ್ಟಿಲು ಹತ್ತಿ ಬಂದಾಗ ಬಾಗಿಲ ಬಳಿ ಅತ್ತಿಗೆಯ ಚೀಲ ತಯಾರಾಗಿ ಕೂತಿತ್ತು. ಒಂದೇ ಚೀಲ. ಅವನು ಅದನ್ನು ನೋಡಿದ, ಪಕ್ಕದಲ್ಲಿ ಇನ್ನೊಂದು ಇದೆಯೇ ಎಂದು ನೋಡಿದ, ಇರಲಿಲ್ಲ. ಅತ್ತಿಗೆ ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, "ನೋಡಿ, ನಿಮ್ಮ ಹೆಂಡತಿ ನನ್ನ ಮಾತು ಎಲ್ಲಿ ಕೇಳ್ತಾಳೆ? ಬರಲ್ವಂತೆ. ಗಂಡನ ಹತ್ರಾನೇ ಇರ್ತಾಳಂತೆ. ಇಷ್ಟು ದಿನ ಬೆನ್ನು ಬಗ್ಗಿಸಿ ಮಾಡಿದ್ದು ನಾನು, ಹೆಸರು ನಿಮಗೆ" ಎಂದು ಹುಸಿಮುನಿಸು ತೋರಿಸಿದರು. "ಟ್ಯಾಕ್ಸಿಯವನು ಇನ್ನೇನು ಬರ್ತಾನೆ. ನಾನು ಪಾತ್ರೆ ಮುಗಿಸಿ ಬರ್ತೀನಿ, ನೀವು ಅವಳ ಹತ್ರ ಕೂತಿರಿ." ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಅತ್ತಿಗೆಯ ಒದ್ದೆ ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಳ್ಳಲಿಲ್ಲ. ನಾನು ನೋಡಿಕೊಳ್ಳುತ್ತೇನೆ, ಇನ್ನು ಮೇಲೆ ನಾನು ನೋಡಿಕೊಳ್ಳುತ್ತೇನೆ ಎಂದು ಒಳಗೊಳಗೇ ಹೇಳಿಕೊಳ್ಳುತ್ತ ಒಳಕೋಣೆಗೆ ಹೋದ.

ಅವಳು ದಿಂಬಿಗೊರಗಿ ಕೂತಿದ್ದಳು. ಪ್ಲಾಸ್ಟರಿನ ಕಾಲು ಎರಡು ದಿಂಬಿನ ಮೇಲೆ, ಪ್ಲಾಸ್ಟರಿನ ಬಲಗೈ ಮಡಿಲಲ್ಲಿ. ಆ ಕೈಯಿಂದಲೇ ಅವಳು ಪಾರ್ಲರಿನಲ್ಲಿ ಕತ್ತರಿ ಆಡಿಸುತ್ತಿದ್ದದ್ದು. ಕತ್ತರಿ ಹಿಡಿಯುವ ಹೆಬ್ಬೆರಳು ಮತ್ತೆ ಮೊದಲಿನಂತಾಗುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಅವನನ್ನು ಕಂಡು ನಕ್ಕಳು. ಅವನು ಮಂಚದ ಅಂಚಿಗೆ ಕೂತು ಅವಳ ಎಡಗೈ ಹಿಡಿದುಕೊಂಡ. ಮದುವೆಯಾದ ಹೊಸದರಲ್ಲೂ ಅವನು ಹೀಗೆ ಹಗಲು ಹೊತ್ತಿನಲ್ಲಿ ಕೈ ಹಿಡಿದವನಲ್ಲ.

"ಅಕ್ಕನಿಗೆ ಬೇಜಾರಾಯ್ತು," ಎಂದಳು. "ಆದ್ರೆ ಅಲ್ಲಿ ಹೋಗಿ ನಾನೇನು ಮಾಡ್ಲಿ? ನನಗೆ ಇಲ್ಲೇ ಧೈರ್ಯ."

"ನಾನಿದೀನಲ್ಲ," ಎಂದ ಅವನು.

"ಒಂದು ಹೇಳಿ. ಪಾರ್ಲರ್‌ನೋರೆಲ್ಲ ಫೋನ್ ಮಾಡಿ ಕೇಳ್ತಾರೆ, ಹೇಗೆ ಬಿದ್ದೆ, ಹೇಗೆ ಬಿದ್ದೆ ಅಂತ. ನನಗೆ ಹೇಳೋಕೆ ಏನೂ ಇಲ್ಲ ರೀ. ಕನ್ನಡಕ ಬೇರೆ ಇರ್ಲಿಲ್ಲ. ನೀವು ಬಂದೆ ಅಂದಿದ್ದು ಕೇಳಿಸ್ತು, ಅಟ್ಟದ ಬಾಗಿಲು ತೆಗೆದೆ, ಅಷ್ಟರಲ್ಲಿ ನೆಲ. ಕಣ್ಮುಚ್ಚಿ ಬಿಡೋದ್ರೊಳಗೆ ಎಲ್ಲ ಮುಗಿದಿತ್ತು. ಹೇಗೆ ಬಿದ್ದೆ ನಾನು?"

ಅದರಲ್ಲಿ ಕುಟುಕು ಇರಲಿಲ್ಲ. ಹಲ್ಲು ಕೀಳಿಸಿಕೊಂಡವರು ಆ ಹಲ್ಲನ್ನು ಒಮ್ಮೆ ನೋಡಬೇಕೆನ್ನುತ್ತಾರಲ್ಲ, ಅಷ್ಟೇ. ಬಿಡು ಆ ಮಾತೇಕೆ ಎಂದು ಅವನು ಹೇಳಬಹುದಿತ್ತು. ಸ್ಟೂಲು ಜಾರಿತು ಎಂದರೆ ಸಾಕಿತ್ತು. ಆದರೆ ಅವಳು ಉಳಿಯುತ್ತಾಳೆ ಎಂಬ ಸುಖದಲ್ಲಿ ಅವನ ಮೈ ಸಡಿಲವಾಗಿತ್ತು, ಅವಳು ಕೇಳಿದ್ದನ್ನೆಲ್ಲ ಕೊಡಬೇಕೆನಿಸುತ್ತಿತ್ತು, ಅದಕ್ಕಿಂತ ಹೆಚ್ಚಾಗಿ, ಇದೊಂದು ಪ್ರಶ್ನೆಗೆ ಜಗತ್ತಿನಲ್ಲಿ ಅವನಷ್ಟು ಚೆನ್ನಾಗಿ ಉತ್ತರ ಗೊತ್ತಿದ್ದವರು ಯಾರೂ ಇರಲಿಲ್ಲ.

"ಸ್ಟೂಲು ಮುರೀಲಿಲ್ಲ," ಎಂದು ಅವನು ಶುರುಮಾಡಿದ. "ಎಲ್ಲರೂ ಮುರೀತು ಅಂದ್ಕೊಂಡಿದಾರೆ. ಮೊದಲು ಸಡಿಲವಾಗಿದ್ದು ಹಿಂದಿನ ಎಡಗಾಲಿನ ಅಡ್ಡಪಟ್ಟಿ. ಅದು ಕಳಚ್ಕೊಂಡು ಕಾಲು ಹೊರಗೆ ಸರೀತು, ಮೆಲ್ಲಗೆ, ಹೀಗೆ." ಅವಳ ಕೈ ಬಿಟ್ಟು ತನ್ನ ಎರಡು ಬೆರಳನ್ನು ಹಾಸಿಗೆಯ ಮೇಲೆ ನಿಲ್ಲಿಸಿ ಒಂದನ್ನು ಹೊರಗೆ ಜಾರಿಸಿ ತೋರಿಸಿದ. "ನಿನಗೆ ಗೊತ್ತಾಗ್ಲಿಲ್ಲ, ಯಾಕಂದ್ರೆ ನಿನ್ನ ಭಾರ ಆಗ ಬಲಗಾಲ ಮೇಲಿತ್ತು. ನೀನು ಎಡಕ್ಕೆ ವಾಲಿದ್ಯಲ್ಲ ಪೆಟ್ಟಿಗೆ ಎಳೆಯೋಕೆ, ಆಗ ಪೂರ್ತಿ ಬಿಡ್ತು. ನಿನ್ನ ಬಲಮಂಡಿ ಮೊದಲು ಮಡಚಿತು. ಅಲ್ಲಿಗೂ ಬೀಳ್ತಿರ್ಲಿಲ್ಲ ನೀನು, ಅಟ್ಟದ ಅಂಚು ಹಿಡ್ಕೊಂಡೆ, ಎಡಗೈಲಿ. ನಾಲ್ಕು ಬೆರಳೂ ಹಿಡಿದಿದ್ವು. ಕಿರುಬೆರಳು ಮೊದಲು ಬಿಡ್ತು, ಆಮೇಲೆ ಅದರ ಪಕ್ಕದ್ದು. ಆಗ ಈ ಕಡೆ ತಿರುಗಿದೆ. ಬಾಯಿ ತೆಗೆದೆ, ಆದ್ರೆ ಕೂಗು ಬರ್ಲಿಲ್ಲ. ಕೊನೇಗೆ ಬಲಗೈ ಊರೋಕೆ ಹೋದೆ ನೋಡು, ಅಲ್ಲೇ ತಪ್ಪಾಗಿದ್ದು. ಅಂಗೈ ಪೂರ್ತಿ ಬಿಚ್ಚಿರ್ಲಿಲ್ಲ. ಕಾಲಿನ ಮೂಳೆ ಹೋಗಿದ್ದು ಕೈ ಆದ್ಮೇಲೆ, ಕೆಳಗೆ ಅಡ್ಡ ಬಿದ್ದಿದ್ದ ಸ್ಟೂಲಿಗೆ ಬಡಿದು."

ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಗಿತ್ತು. ಮೇಷ್ಟರ ದನಿ ಬಂದಿತ್ತು. ಅವಳ ಮುಖದಲ್ಲಿ ಏನೋ ಆಗುತ್ತಿರುವುದು ಕಿರುಬೆರಳಿನ ಹೊತ್ತಿಗೇ ಅವನ ಕಣ್ಣಿಗೆ ಬಿದ್ದಿತ್ತು, ಆದರೂ ನಾಲಿಗೆ ನಿಲ್ಲಲಿಲ್ಲ, ಕೊನೆ ಮುಟ್ಟಿಸಿಯೇ ನಿಂತಿತು. ಅಡುಗೆಮನೆಯಲ್ಲಿ ನಲ್ಲಿಯ ನೀರು ಸುರಿಯುತ್ತಿತ್ತು. ಅವಳು ತನ್ನ ಎಡಗೈಯ ಕಿರುಬೆರಳನ್ನು ನೋಡಿಕೊಂಡಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದಳು. ಅವನು ತಾನೇ ಉಜ್ಜಿ ಕೂರಿಸಿದ, ಎಲ್ಲವನ್ನೂ ಸ್ಪಷ್ಟವಾಗಿ ತೋರಿಸುವ ಗಾಜು.

"ಇಷ್ಟೆಲ್ಲ ನೋಡೋಷ್ಟು ಹೊತ್ತಿತ್ತಾ?" ಎಂದು ಕೇಳಿದಳು.

ಇಲ್ಲ ಎನ್ನಲು ಅವನು ಬಾಯಿ ತೆರೆದ. ಶಾಕ್ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು, ಆದರೆ ಬೆರಳು ಬೆರಳು ಎಣಿಸಿ ಹೇಳಿದವನ ಬಾಯಲ್ಲಿ ಅದಕ್ಕೆ ಇನ್ನು ಜಾಗವಿರಲಿಲ್ಲ.

"ನೀವು ಎಲ್ಲಿ ನಿಂತಿದ್ರಿ?"

"ಪಕ್ಕದಲ್ಲೇ," ಎಂದ.

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಕಣ್ಣು ಮಾತ್ರ ದೊಡ್ಡದಾಗಿ, ಮನೆಯೊಳಗೆ ಯಾರೋ ಗುರುತಿಲ್ಲದವರು ನುಗ್ಗಿ ಮಂಚದ ಮೇಲೆ ಕೂತಿದ್ದಾರೆ ಎಂಬಂತೆ ಅವನನ್ನು ದಿಟ್ಟಿಸಿದಳು, ಮತ್ತು ಕೂತಲ್ಲೇ, ಒಂದೇ ಕೈ ಊರಿ, ಗೋಡೆಯ ಕಡೆಗೆ ಸ್ವಲ್ಪ ಸರಿದಳು. ಕೆಳಗೆ ಬೀದಿಯಲ್ಲಿ ಟ್ಯಾಕ್ಸಿಯ ಹಾರ್ನು ಕೇಳಿಸಿತು.

"ಅಕ್ಕಾ," ಎಂದು ಕೂಗಿದಳು. "ಅಕ್ಕಾ, ನನ್ನ ಬಟ್ಟೇನೂ ತುಂಬ್ಕೊ. ನಾನೂ ಬರ್ತೀನಿ."

ನಲ್ಲಿ ನಿಂತಿತು. ಅವಳು ಪ್ಲಾಸ್ಟರಿನ ಕಾಲನ್ನು ದಿಂಬಿನಿಂದ ಇಳಿಸಲು ನೋಡಿದಳು, ಮೈ ಒಂದು ಕಡೆಗೆ ವಾಲಿತು. ಅವನು ಛಂಗನೆ ಎದ್ದು ಎರಡೂ ಕೈ ಚಾಚಿದ.

"ಬೇಡ," ಎಂದಳು. "ಅಕ್ಕ ಹಿಡ್ಕೊಳ್ತಾಳೆ."